ದೇವರನ್ನು ಆಮೇಲೆ ಬರೆಯಿರಿ, ಮೊದಲು ಬೇಲಿ ಹಾಕಿ

ನನ್ನ ಕೆಲಸ ಗೇಮ್‌ಗಳಿಗೆ ಕಥೆ ಬರೆಯುವುದು. ಕಥೆ ಅಂದರೆ ಬರೀ ಸಂಭಾಷಣೆ ಅಲ್ಲ. ಆ ಲೋಕದ ಜನ ಏನನ್ನು ನಂಬುತ್ತಾರೆ, ಯಾವುದಕ್ಕೆ ಹೆದರುತ್ತಾರೆ, ಸತ್ತವರನ್ನು ಏನು ಮಾಡುತ್ತಾರೆ, ಎಲ್ಲವೂ ನನ್ನ ತಲೆಗೇ ಬರುತ್ತದೆ. ಈಗ ಮಾಡುತ್ತಿರುವ ಗೇಮ್ ನಾಗರಿಕತೆ ಕುಸಿದು 300 ವರ್ಷ ಆದ ಮೇಲಿನದು. ಕರೆಂಟ್ ಇಲ್ಲ, ಓದು ಬರಹ ಬಲ್ಲವರು ಅಪರೂಪ. ಹಳೆಯ ಕಾಲದ ಪರಮಾಣು ತ್ಯಾಜ್ಯ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ. ಅಲ್ಲಿಗೊಂದು ಧರ್ಮ ಕಟ್ಟಿ ಅಂದರು. ಕಟ್ಟುವಾಗ ಕಲಿತದ್ದನ್ನು ಬರೆಯುತ್ತಿದ್ದೇನೆ, ಇದೇ ಕೆಲಸಕ್ಕೆ ಕೈ ಹಾಕಿದವರಿಗೆ ಉಪಯೋಗ ಆಗಬಹುದು.

ಇಂಥ ಪ್ರಾಜೆಕ್ಟ್‌ನ ಮೀಟಿಂಗ್‌ನಲ್ಲಿ ಮೊದಲು ಬರುವ ಐಡಿಯಾ ಹೆಚ್ಚೂಕಮ್ಮಿ ಒಂದೇ. ಮುಂದಿನ ಕಾಲದ ಜನ ಒಡೆದ ಮೊಬೈಲನ್ನೋ ತುಕ್ಕು ಹಿಡಿದ ಕಾರನ್ನೋ ಗುಡಿಯಲ್ಲಿಟ್ಟು ಪೂಜೆ ಮಾಡುತ್ತಾರೆ, ಅದೇನು ಅಂತ ಆಟಗಾರನಿಗೆ ಗೊತ್ತು, ಅವರಿಗೆ ಗೊತ್ತಿಲ್ಲ, ಹಾಗಾಗಿ ನಗು. ಒಂದು ಸಲ ನಗಬಹುದು. ಆಮೇಲೆ? ಜನರನ್ನು ಪೆದ್ದರು ಅಂದುಕೊಂಡು ಬರೆದ ಧರ್ಮದೊಳಗೆ ಯಾವ ಪಾತ್ರವೂ ಬದುಕುವುದಿಲ್ಲ.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಪೆಸಿಫಿಕ್ ದ್ವೀಪಗಳ ‘ಕಾರ್ಗೋ ಕಲ್ಟ್’. ವಿಮಾನದಿಂದ ಸಾಮಾನು ಇಳಿಯುವುದನ್ನು ಕಂಡ ದ್ವೀಪದವರು ಎರಡನೇ ಮಹಾಯುದ್ಧ ಮುಗಿದ ಮೇಲೆ ಅದೇ ಸಾಮಾನು ಮತ್ತೆ ಬರಲಿ ಅಂತ ಕಾದು ಕೂತರು ಅನ್ನುವ ಕಥೆ. ಆದರೆ ವನುವಾಟುವಿನ ಟನ್ನಾ ದ್ವೀಪದಲ್ಲಿ ಜಾನ್ ಫ್ರಮ್ ಅನ್ನುವ ದೈವಪುರುಷನನ್ನು ನಂಬುವ ಪಂಥವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಲೆಕ್ಕ ಬೇರೆ. 1941ರಲ್ಲೇ ಅಲ್ಲಿನ ಜನ ಗುಂಪುಗುಂಪಾಗಿ ಚರ್ಚ್ ಬಿಟ್ಟಿದ್ದರು. ಅಮೆರಿಕದ ಸೇನೆ ಆ ಕಡೆ ಬಂದದ್ದು 1942ರಲ್ಲಿ. ಮಿಷನರಿಗಳು ನಿಲ್ಲಿಸಿದ್ದ ಹಳೆಯ ಪದ್ಧತಿಗಳು ವಾಪಸ್ ಬೇಕು ಅನ್ನುವುದು ಅವರ ಹಟ, ಆಡಳಿತದವರು ಮುಖಂಡರನ್ನು ಹಿಡಿದು ಜೈಲಿಗೂ ಹಾಕಿದರು. ಈಗಲೂ ಫೆಬ್ರವರಿ 15ರಂದು ಅಲ್ಲಿ ಬಾವುಟ ಏರಿಸಿ ಕವಾಯತು ಮಾಡುತ್ತಾರೆ. ಸಾಮಾನಿನ ಆಸೆಯಷ್ಟರಿಂದಲೇ ಒಂದು ಪಂಥ ಇಷ್ಟು ಕಾಲ ನಿಲ್ಲುವುದಿಲ್ಲ, ಅಲ್ವಾ?

ಸರಿ, ನಮ್ಮ ಗೇಮ್‌ಗೆ ಬರೋಣ. ಆರ್ಟಿಸ್ಟ್ ಬಂದು, “ದೇವರ ಮುಖ ಹೇಗಿರಬೇಕು ಹೇಳಿ ಸಾರ್, ಸ್ಕೆಚ್ ಶುರು ಮಾಡ್ತೀನಿ” ಅಂದ. ದೇವರು ಆಮೇಲೆ, ಮೊದಲು ತ್ಯಾಜ್ಯದ ಸುತ್ತಲಿನ ಬೇಲಿ ಬರೆ ಅಂದೆ. ಅವನಿಗೆ ತಮಾಷೆ ಅನಿಸಿತು. ನಾನು ಕೇಳಿಕೊಂಡ ಪ್ರಶ್ನೆಗಳು ಬಹಳ ಸಾದಾ. ಈ ಧರ್ಮ ಇಲ್ಲದಿದ್ದರೆ ಯಾರು ಸಾಯುತ್ತಾರೆ? ದಿನಾ ಏನು ಮಾಡಬೇಕು, ಏನನ್ನು ಮುಟ್ಟಬಾರದು? ಪೂಜಾರಿಗೆ ಊಟ ಹಾಕುವವರು ಯಾರು? ಕೊನೆಯ ಪ್ರಶ್ನೆಯನ್ನು ಎಲ್ಲರೂ ಮರೆಯುತ್ತಾರೆ. ನಲವತ್ತು ಮನೆಯ ಹಳ್ಳಿಯಲ್ಲಿ ಇಪ್ಪತ್ತು ಜನ ಸನ್ಯಾಸಿಗಳನ್ನು ಕೂರಿಸಿಬಿಡುತ್ತಾರೆ, ಉಳುವವರೇ ಇರುವುದಿಲ್ಲ.

ನಿಷೇಧ ಹುಟ್ಟುವುದು ಹೇಗೆ ಅನ್ನುವುದಕ್ಕೆ ನಾನು ಇಡೀ ಟೀಮ್‌ಗೆ ಹೇಳಿದ್ದು ಬ್ರೆಜಿಲ್‌ನ ಗೊಯಾನಿಯಾದಲ್ಲಿ 1987ರ ಸೆಪ್ಟೆಂಬರ್‌ನಲ್ಲಿ ನಡೆದದ್ದು. ಖಾಲಿ ಬಿಟ್ಟಿದ್ದ ಕ್ಯಾನ್ಸರ್ ಚಿಕಿತ್ಸಾ ಕೇಂದ್ರವೊಂದರಿಂದ ಇಬ್ಬರು ವಿಕಿರಣ ಯಂತ್ರದ ಭಾಗ ಬಿಚ್ಚಿಕೊಂಡು ಹೋಗಿ ಗುಜರಿಗೆ ಮಾರಿದರು. ಒಳಗಿದ್ದದ್ದು ಸೀಸಿಯಂ-137 ಅನ್ನುವ ವಿಕಿರಣ ಸೂಸುವ ವಸ್ತು. ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಚೆಂದ ಇದೆ ಅಂತ ನೆಂಟರಿಗೆ, ಸ್ನೇಹಿತರಿಗೆ ಹಂಚಿದರು, ಕೆಲವರು ಮೈಗೂ ಹಚ್ಚಿಕೊಂಡರು. ಮನೆಯಲ್ಲಿ ಒಬ್ಬೊಬ್ಬರೇ ಹಾಸಿಗೆ ಹಿಡಿದಾಗ, ಇದಕ್ಕೆಲ್ಲ ಆ ಹೊಳೆಯುವ ಪುಡಿಯೇ ಕಾರಣ ಅಂತ ಮೊದಲು ಅನುಮಾನಪಟ್ಟವರು ಗುಜರಿಯವನ ಹೆಂಡತಿ. ಆಕೆ ಅದನ್ನು ಚೀಲದಲ್ಲಿಟ್ಟು ಬಸ್ಸಿನಲ್ಲಿ ಆರೋಗ್ಯ ಇಲಾಖೆಗೆ ಒಯ್ದರು. ನಾಲ್ವರು ಸತ್ತರು, ಆಕೆಯೂ ಅವರಲ್ಲಿ ಒಬ್ಬರು. 1,12,000ಕ್ಕೂ ಹೆಚ್ಚು ಜನರನ್ನು ತಪಾಸಣೆ ಮಾಡಿದಾಗ 249 ಜನರಲ್ಲಿ ವಿಕಿರಣದ ಅಂಶ ಸಿಕ್ಕಿತು.

ಅಲ್ಲಿ ಅಳೆಯುವ ಯಂತ್ರ ಇತ್ತು, ತಜ್ಞರು ಇದ್ದರು. ಎರಡೂ ಇಲ್ಲದ ಕಡೆ ಉಳಿಯುವುದು ಎರಡೇ ಮಾತು: ಹೊಳೆಯುವುದನ್ನು ಮುಟ್ಟಬೇಡ, ಮುಟ್ಟಿದವರನ್ನು ಒಳಗೆ ಸೇರಿಸಬೇಡ. ನಮ್ಮ ಧರ್ಮಕ್ಕೆ ಇದೇ ಅಡಿಪಾಯ. ದೇವರ ಹೆಸರು ಕೂಡ ಇನ್ನೂ ಇಟ್ಟಿರಲಿಲ್ಲ, ಧರ್ಮ ಆಗಲೇ ನಡೆಯತೊಡಗಿತ್ತು.

ಮಂತ್ರ ಹೇಗಿರಬೇಕು ಅನ್ನುವುದಕ್ಕೆ ಜಾಸ್ತಿ ಸಮಯ ಹಿಡಿಯಿತು. 1986ರ ಚೆರ್ನೊಬಿಲ್ ಅಪಘಾತದ ನಂತರ ರಿಯಾಕ್ಟರ್ ಕಟ್ಟಡದ ಛಾವಣಿ ಮೇಲೆ ಬಿದ್ದಿದ್ದ ಚೂರುಗಳನ್ನು ಸೈನಿಕರು ಸಲಿಕೆಯಲ್ಲಿ ಎತ್ತಿ ಹಾಕಿದರು. ಒಬ್ಬೊಬ್ಬರಿಗೆ ಸಿಗುತ್ತಿದ್ದದ್ದು ಒಂದೆರಡು ನಿಮಿಷ, ಆಮೇಲೆ ಓಡಿ ಕೆಳಗೆ ಬರಬೇಕು. ಗಡಿಯಾರವೇ ಇಲ್ಲದ ಕಾಲದಲ್ಲಿ ಆ ನಿಮಿಷವನ್ನು ಅಳೆಯುವುದು ಹೇಗೆ? ಹಾಡಿನಿಂದ. ಹಾಗಾಗಿ ನಮ್ಮ ಮಂತ್ರದ ಉದ್ದವೇ ಒಳಗಿರಬಹುದಾದ ಸಮಯ. ತ್ಯಾಜ್ಯದ ಒಂದೊಂದು ಗುಂಡಿಗೂ ಒಂದೊಂದು ಮಂತ್ರ, ಉದ್ದ ಬೇರೆ ಬೇರೆ. ಹೊರಗೆ ನಿಂತವರು ಜೋರಾಗಿ ಹೇಳುತ್ತಾರೆ, ಮುಗಿಯುವ ಮೊದಲು ಒಳಗಿದ್ದವನು ಬೇಲಿ ದಾಟಿ ಹೊರಬರಬೇಕು. ಕೈಯಲ್ಲಿ ಚಿಟಿಕೆ, ಹತ್ತಿರ ಹೋದಷ್ಟೂ ವೇಗ, ಅದು ವಿಕಿರಣ ಅಳೆಯುವ ಹಳೆಯ ಗೈಗರ್ ಕೌಂಟರ್‌ನ ಟಿಕ್ ಟಿಕ್. ಯಾಕೆ ಹಾಗೆ ಚಿಟಿಕೆ ಹಾಕುತ್ತೀರಿ ಅಂತ ಆಟಗಾರ ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಎಲ್ಲ ಕಥೆಯೂ ತಪ್ಪು, ಚಿಟಿಕೆ ಮಾತ್ರ ಸರಿ.

ತಲೆಮಾರುಗಳು ಕಳೆದಂತೆ ಮಂತ್ರ ಗಿಡ್ಡವಾದರೆ ಪರವಾಗಿಲ್ಲ, ಬೇಗ ಹೊರಬರುತ್ತಾರೆ, ಉದ್ದವಾದರೆ ಜನ ಸಾಯುತ್ತಾರೆ. ಅದಕ್ಕೇ ವೇದಪಾಠದಲ್ಲಿ ಘನ ಅನ್ನುವ ಬಾಯಿಪಾಠದ ಕ್ರಮ ತೆಗೆದುಕೊಂಡೆವು. ಮೂರು ಪದ ಇದ್ದರೆ ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಮತ್ತೆ ಒಂದು-ಎರಡು-ಮೂರು. ಹಿಂದೆ ಮುಂದೆ ಹೆಣೆದಿರುವುದರಿಂದ ಒಂದು ಪದ ಜಾರಿದರೂ ತಕ್ಷಣ ಸಿಕ್ಕಿಬೀಳುತ್ತದೆ. ಸೌಂಡ್ ಟೀಮ್‌ನವರು ಇದನ್ನು ಕೇಳಿ ಕುಣಿದಾಡಿದರು.

ಧರ್ಮದ ಮೂಲಕ ತ್ಯಾಜ್ಯ ಕಾಯುವ ಐಡಿಯಾ ನನ್ನದೇನಲ್ಲ. ಅಮೆರಿಕದಲ್ಲಿ 1981ರಲ್ಲಿ ಇದಕ್ಕೇ ಒಂದು ತಂಡ ಮಾಡಿದ್ದರು, ಹತ್ತು ಸಾವಿರ ವರ್ಷ ಎಚ್ಚರಿಕೆ ತಲುಪಿಸುವುದು ಹೇಗೆ ಅಂತ. ಸಾವಿರ ವರ್ಷದ ಹಿಂದಿನ ಹಳಗನ್ನಡ ಓದಲು ನಮಗೇ ಟಿಪ್ಪಣಿ ಬೇಕು, ಇನ್ನು ಹತ್ತು ಸಾವಿರ! 1984ರಲ್ಲಿ ಭಾಷಾವಿಜ್ಞಾನಿ ಥಾಮಸ್ ಸೆಬಿಯಾಕ್ ಒಂದು ‘ಪರಮಾಣು ಪುರೋಹಿತ ವರ್ಗ’ ಇರಲಿ ಅಂದರು. ನಿಜ ಗೊತ್ತಿರುವುದು ಕೆಲವರಿಗೆ ಮಾತ್ರ, ಉಳಿದವರಿಗೆ ವರ್ಷವರ್ಷ ನಡೆಯುವ ಆಚರಣೆ ಮತ್ತು ದಂತಕಥೆ. ಕೇಳಲು ಸೊಗಸಾಗಿದೆ. ನನಗೆ ಇದರಲ್ಲಿ ನಂಬಿಕೆ ಇಲ್ಲ. ಗುಟ್ಟು ಇಟ್ಟುಕೊಂಡವರು ಎರಡನೇ ತಲೆಮಾರಿಗೇ ಬೇಲಿಯನ್ನು ತಮಗೆ ಬೇಕಾದ ಕಡೆ ಸರಿಸುತ್ತಾರೆ. ಒಳ್ಳೆಯ ನೀರಿರುವ ಕೆರೆಯೂ ನಿಷಿದ್ಧ ಆಗುತ್ತದೆ. ಗೇಮ್‌ನಲ್ಲಿ ಅಂಥ ಒಂದು ಕೆರೆ ಇಟ್ಟಿದ್ದೇವೆ.

ಇಡೀ ಕಥೆ ನಿಂತಿರುವುದು ಮಾತ್ರ ಒಂದು ಸಣ್ಣ ಲೆಕ್ಕದ ಮೇಲೆ. ಸೀಸಿಯಂ-137 ಸುಮಾರು 30 ವರ್ಷಕ್ಕೆ ಅರ್ಧ ಆಗುತ್ತದೆ, ಆ ಅವಧಿಗೇ ಅರ್ಧಾಯುಷ್ಯ ಅನ್ನುವುದು. 300 ವರ್ಷ ಅಂದರೆ ಹತ್ತು ಸಲ ಅರ್ಧ, ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ. ತ್ಯಾಜ್ಯದಲ್ಲಿರುವ ಇನ್ನೊಂದು ವಿಕಿರಣ ವಸ್ತು ಪ್ಲುಟೋನಿಯಂ-239 ಅರ್ಧ ಆಗಲು ಸುಮಾರು 24,000 ವರ್ಷ ಬೇಕು, 300 ವರ್ಷದಲ್ಲಿ ನೂರಕ್ಕೆ ಒಂದು ಪಾಲೂ ಕರಗಿರುವುದಿಲ್ಲ. ಅಂದರೆ ಅಜ್ಜಂದಿರ ಕಾಲದಲ್ಲಿ ನಿಜವಾಗಿದ್ದ ಬೇಲಿಗಳಲ್ಲಿ ಕೆಲವು ಈಗ ಸುಮ್ನೆ ನಿಂತಿವೆ, ಕೆಲವು ಇವತ್ತಿಗೂ ನಿಜ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಇಲ್ಲಿ ಒಬ್ಬ ಹುಡುಗಿ ಹುಟ್ಟುತ್ತಾಳೆ, ಹಳೆಯ ಸೀಸಿಯಂ ಜಾಗಕ್ಕೆ ನುಗ್ಗಿ ಬಿತ್ತನೆ ಮಾಡಿ ಬೆಳೆ ತೆಗೆಯುತ್ತಾಳೆ, ಏನೂ ಆಗುವುದಿಲ್ಲ, ಪೂಜಾರಿಗಳೆಲ್ಲ ಸುಳ್ಳರು ಅನ್ನುತ್ತಾಳೆ, ಜನ ಅವಳ ಹಿಂದೆ ಹೋಗುತ್ತಾರೆ. ಅವಳು ಹೇಳಿದ್ದು ನಿಜ ಕೂಡ. ಮುಂದಿನ ಬೇಲಿ ಪ್ಲುಟೋನಿಯಂದು. ಆ ಧೂಳು ಉಸಿರಲ್ಲಿ ಹೋದರೆ ಅವತ್ತೇ ಏನೂ ಆಗುವುದಿಲ್ಲ, ಕ್ಯಾನ್ಸರ್ ಬರುವುದು ವರ್ಷಗಳ ನಂತರ. ಅಷ್ಟರಲ್ಲಿ ಅವಳಿಗೂ ಒಂದು ಗುಡಿ ಎದ್ದಿರುತ್ತದೆ. ಖಳನಾಯಕ ಬೇಡವಾ ಅಂತ ಪ್ರೊಡ್ಯೂಸರ್ ಕೇಳಿದರು. ಅರ್ಧಾಯುಷ್ಯ ಇದೆಯಲ್ಲ ಅಂದೆ.

ಇನ್ನೊಂದು ವಿಷಯ, ಇದನ್ನು ನಮ್ಮಲ್ಲಿ ಹೇಳಿಕೊಡಬೇಕಾಗಿಲ್ಲ. ಮೈಲಿಗೆ ಅಂತ ಒಂದು ನಿಯಮ ಬಂದ ಮೇಲೆ ಮೈಲಿಗೆಯ ಕೆಲಸ ಯಾರ ಪಾಲಿಗೆ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಚೆರ್ನೊಬಿಲ್‌ನ ಸ್ವಚ್ಛತಾ ಕೆಲಸ ಮಾಡಿದವರೆಂದು ಗುರುತಿಸಿದ್ದು ಸುಮಾರು ಆರು ಲಕ್ಷ ಜನರನ್ನು. ನಮ್ಮ ಲೋಕದಲ್ಲೂ ಬೇಲಿ ರಿಪೇರಿ ಮಾಡುವವರು ಬೇಕು. ಮೊದಲು ಅವರನ್ನು ವೀರರು ಅನ್ನುತ್ತಾರೆ, ಆಮೇಲೆ ಅವರ ಮಕ್ಕಳಿಗೆ ಹೆಣ್ಣು ಕೊಡುವುದಿಲ್ಲ. ಮಂತ್ರ ಹೇಳುವವರು ಹೊರಗೆ, ಒಳಗೆ ಹೋಗುವವರು ಬೇರೆಯವರು. ಇದನ್ನು ಬಿಟ್ಟು ಬರೆದರೆ ಧರ್ಮ ಬರೀ ವೇಷಭೂಷಣ.

ಈಗ ನಡೆಯುತ್ತಿರುವ ಜಗಳ ಬೇರೆ. ಆಟಗಾರನಿಗೆ ಸ್ಕ್ರೀನ್ ಮೇಲೆ ವಿಕಿರಣದ ಮೀಟರ್ ಬೇಕು ಅಂತ ಲೆವೆಲ್ ಡಿಸೈನರ್ ಪಟ್ಟು ಹಿಡಿದಿದ್ದಾರೆ, ಇಲ್ಲದಿದ್ದರೆ ಕಾರಣ ತಿಳಿಯದೆ ಸತ್ತು ಬೈಯುತ್ತಾರೆ ಅಂತ. ಅವರ ಮಾತಲ್ಲೂ ಅರ್ಥ ಇದೆ. ಆದರೆ ಮೀಟರ್ ಇದ್ದರೆ ಮಂತ್ರವನ್ನು ಯಾರು ಕೇಳುತ್ತಾರೆ? ಇಂಡೋನೇಷ್ಯಾದ ಸಿಮೆಯುಲುವೆ ದ್ವೀಪದಲ್ಲಿ 1907ರ ಸುನಾಮಿಯ ನೆನಪು ಅಜ್ಜಿಯರ ಕಥೆಯಾಗಿ ಉಳಿದಿತ್ತು: ಭೂಮಿ ಜೋರಾಗಿ ನಡುಗಿ ಸಮುದ್ರ ಹಿಂದೆ ಸರಿದರೆ ಗುಡ್ಡಕ್ಕೆ ಓಡು. 2004ರಲ್ಲಿ ಸುಮಾರು 78,000 ಜನರಲ್ಲಿ ಸತ್ತದ್ದು ಏಳೇ ಜನ. ಅವರ ಕೈಯಲ್ಲಿ ಯಾವ ಮೀಟರ್ ಇತ್ತು? ಸದ್ಯಕ್ಕೆ ಒಪ್ಪಂದ ಹೀಗಾಗಿದೆ: ಮೊದಲ ಹಳ್ಳಿಯಲ್ಲಿ ಮೀಟರ್ ಇಲ್ಲ, ಮಂತ್ರ ಮಾತ್ರ. ಎರಡನೇ ಭಾಗದಲ್ಲಿ ಒಬ್ಬ ಮುದುಕನ ಹತ್ತಿರ ಹಳೆಯ ಕೌಂಟರ್ ಸಿಗುತ್ತದೆ, ಮುಳ್ಳು ಅಲ್ಲಾಡುತ್ತದೆ, ಆದರೆ ಅದು ಸರಿಯಾಗಿ ತೋರಿಸುತ್ತಿದೆಯೋ ಇಲ್ಲವೋ ಮುದುಕನಿಗೂ ಗೊತ್ತಿಲ್ಲ. ಗೇಮ್ ಆಡಿಸಿ ನೋಡುವ ಮುಂದಿನ ಪ್ಲೇಟೆಸ್ಟ್‌ನಲ್ಲಿ ಜನ ಯಾವುದನ್ನು ನಂಬುತ್ತಾರೆ ನೋಡಬೇಕು. ಆರ್ಟಿಸ್ಟ್ ಇನ್ನೂ ದೇವರ ಮುಖ ಕೇಳುತ್ತಲೇ ಇದ್ದಾನೆ, ಬೇಲಿಗಳ ಸ್ಕೆಚ್ ಮಾತ್ರ ಚೆನ್ನಾಗಿ ಬಂದಿವೆ.