ಚೊಗರಿನ ಬಣ್ಣ ಬರೋ ತನಕ

ದೊಡ್ಡಮ್ಮನ ಮಗ, ನಮ್ಮಣ್ಣ, ತೀರ್ಥಹಳ್ಳಿ ಹತ್ರ ಮನೆ ಪಕ್ಕದಲ್ಲೇ ಹೋಂಸ್ಟೇ ಶುರು ಮಾಡಿದಾನೆ. ಜಗಲಿ ಗೋಡೆಗೆ ದೊಡ್ಡದೊಂದು ಫೋಟೋ ಬೇಕು ಮಾರಾಯ, ಜೋಗದ್ದು ಬೇಡ, ಅದು ಎಲ್ಲಾ ಹೋಟೆಲಲ್ಲೂ ಇರತ್ತೆ ಅಂದ. ಹೋದ ಸಲ ಕೊನೆಕೊಯ್ಲಲ್ಲಿ ನಾನೇ ತೆಗ್ದಿದ್ದು ಒಂದಿತ್ತು. ಹಿತ್ಲಲ್ಲಿ ಅಡಿಕೆ ಬೇಯೋ ಹಂಡೆ, ಮೇಲೆ ಹಬೆ, ದೊಡ್ಡಮ್ಮ ಬುಟ್ಟಿಗೆ ಅಡಿಕೆ ಎತ್ತಿ ಹಾಕ್ತಾ ಇದಾರೆ, ಚೊಗರು, ಅಂದ್ರೆ ಅಡಿಕೆ ಬೆಂದ ಕೆಂಪು ನೀರು, ಸೋರ್ತಾ ಇದೆ, ಸೋರೋ ಆ ನಾಲ್ಕು ಗೆರೆಗೆ ಬೆಳಗಿನ ಬಿಸಿಲು ಬಿದ್ದಿದೆ. ಆ ಗೆರೆ ಬಿಟ್ರೆ ಆ ಫೋಟೋದಲ್ಲಿ ಹೇಳ್ಕೊಳ್ಳೋ ಅಂಥದ್ದು ಏನೂ ಇಲ್ಲ.

ಮೊದ್ಲು ಶಿವಮೊಗ್ಗದಲ್ಲೇ ಫ್ಲೆಕ್ಸ್ ಹೊಡೆಯೋರ ಹತ್ರ ಕೊಟ್ಟೆ. ಪಾಪ ಅವ್ರು ಅರ್ಧ ಗಂಟೇಲಿ ಮಾಡ್ಕೊಟ್ರು, ಆದ್ರೆ ಹುಟ್ಟುಹಬ್ಬದ ಬ್ಯಾನರ್ ಹೊಡೆಯೋ ಮಷೀನಲ್ಲಿ ಹಬೆ ಬರಲ್ಲ, ಹಬೆ ಇರೋ ಜಾಗ ಸುಣ್ಣ ಹಚ್ಚಿದಂಗೆ ಬಂತು.

ಅದೇ ಟೈಮಿಗೆ ಬೆಂಗಳೂರಲ್ಲಿ ಗೆಳೆಯ ಒಬ್ಬ ಊರು ಬಿಡ್ತಾ ಇದ್ದ, ಅವನ ಫೋಟೋ ಪ್ರಿಂಟರ್, ಕ್ಯಾನನ್ ಪ್ರೋ-1000, ನನಗೆ ಬಂತು. 17 ಇಂಚು ಅಗಲದ ಪೇಪರ್ ತಗೊಳತ್ತೆ, ಅಂದ್ರೆ ಎ2 ಬರತ್ತೆ, 12 ಇಂಕ್ ಟ್ಯಾಂಕು, ಒಂದೊಂದರಲ್ಲೂ 80 ಎಂಎಲ್, ತೂಕ 32 ಕೆಜಿ. ಇಬ್ರು ಹಿಡ್ಕೊಂಡು ಮೆಟ್ಲು ಹತ್ತಿಸ್ಬೇಕಾದ್ರೆ ಮನೇಲಿ ಹೆಂಡ್ತಿ ಒಂದೇ ಮಾತು ಕೇಳಿದ್ದು, ಇದು ವಾಷಿಂಗ್ ಮಷೀನ್ ಆಗಿದ್ರೆ ಆಗ್ತಿರ್ಲಿಲ್ವಾ ಅಂತ.

ಪ್ರಿಂಟರ್ ಬಂದ್ಮೇಲೆ ಎಲ್ಲಾ ಮುಗೀತು ಅನ್ಕೊಂಡಿದ್ದೆ. ಫೋಟೋಶಾಪಲ್ಲಿ ತೆಗೆದೆ, ಆ ಪೇಪರಿನ ಐಸಿಸಿ ಪ್ರೊಫೈಲ್ (ಆ ಪೇಪರ್ ಮೇಲೆ ಬಣ್ಣ ಹೆಂಗೆ ಬರತ್ತೆ ಅಂತ ತಿಳಿಸೋ ಫೈಲು) ಆರಿಸಿದೆ, ಪ್ರಿಂಟ್ ಒತ್ತಿದೆ. ಎ2 ಶೀಟು ನಿಧಾನಕ್ಕೆ ಹೊರಗೆ ಬರ್ತಾ ಬರ್ತಾ ನನ್ನ ಮುಖಾನೂ ಸಣ್ಣ ಆಗ್ತಾ ಹೋಯ್ತು. ಆ ವಾರ ದೊಡ್ಡಮ್ಮ ನಮ್ಮನೇಗೆ ಬಂದಿದ್ರು, ಅವ್ರು ಅದನ್ನ ಕಿಟಕಿ ಹತ್ರ ತಗೊಂಡು ಹೋಗಿ ನೋಡಿ, "ಎಂತದಾ ಇದು, ಹಂಡೆ ತುಂಬ ಬೀಟ್ರೂಟ್ ಬೇಯ್ಸಿದಂಗೆ ಕಾಣ್ತದೆ" ಅಂದ್ರು. ನಲ್ವತ್ತು ವರ್ಷ ಅಡಿಕೆ ಬಣ್ಣ ನೋಡೇ ಯಾವ ದರ್ಜೆ, ರಾಶಿ ಯಾವುದು ಗೊರಬಲು ಯಾವುದು ಅಂತ ಬೇರೆ ಮಾಡಿದ ಕಣ್ಣು, ವಾದ ಮಾಡಕ್ಕೆ ಆಗಲ್ಲ.

ತಪ್ಪು ನಂದೇ. ಬಣ್ಣ ನಾನೇ ನೋಡ್ಕೋತೀನಿ ಅಂತ ಸಾಫ್ಟ್‌ವೇರ್ ಪ್ರೊಫೈಲ್ ಹಾಕಿ ಕಳಿಸ್ತು, ಪ್ರಿಂಟರ್ ಡ್ರೈವರ್ (ಕಂಪ್ಯೂಟರಲ್ಲಿ ಪ್ರಿಂಟರನ್ನ ನಡೆಸೋ ಪ್ರೋಗ್ರಾಂ) ಅದರ ಮೇಲೆ ತನ್ನದೂ ಒಂದು ಸಲ ಬಣ್ಣ ತಿದ್ತು. ಅತ್ತೆ ಸೊಸೆ ಇಬ್ರೂ ಒಬ್ರಿಗೆ ಹೇಳ್ದೆ ಒಬ್ರು ಉಪ್ಪು ಹಾಕಿದ ಸಾರು ಅದು. ಹಿಂಗೆ ಎರಡೆರಡು ಸಲ ಆದ್ರೆ ಸಾಮಾನ್ಯವಾಗಿ ಮಜೆಂಟಾ, ಅಂದ್ರೆ ಕಡು ಗುಲಾಬಿ, ಕಡೆಗೆ ವಾಲತ್ತೆ. ಡ್ರೈವರಲ್ಲಿ ಬಣ್ಣದ ಸೆಟ್ಟಿಂಗ್ ಮ್ಯಾನುಯಲ್ ಮಾಡಿ, ಒಳಗೆ ಮ್ಯಾಚಿಂಗ್ ಅಂತ ಇನ್ನೊಂದು ಟ್ಯಾಬ್ ಇದೆ ಅಲ್ಲಿ ಹೋಗಿ ‘ನನ್’ (None, ಏನೂ ಬೇಡ) ಅಂತ ಕೊಡ್ಬೇಕು, ನಾನು ಅಲ್ಲಿ ತನಕ ಹೋಗೇ ಇರ್ಲಿಲ್ಲ. ಅದನ್ನ ಸರಿ ಮಾಡಿ ಎ4 ತುಂಡಲ್ಲಿ ತೆಗೆದ್ರೆ ಬಣ್ಣ ದಾರಿಗೆ ಬಂತು ಆದ್ರೆ ಕತ್ಲು ಕತ್ಲು. ಅದಕ್ಕೆ ಕಾರಣ ಮಾನಿಟರ್, ಬ್ರೈಟ್‌ನೆಸ್ ಪೂರ್ತಿ ಏರಿಸಿಟ್ಟಿದ್ದೆ, ಫೋಟೋ ಇರೋದಕ್ಕಿಂತ ಬೆಳಕಾಗಿ ಕಾಣ್ತಿತ್ತು. ಪ್ರಿಂಟ್ ಮಾಡೋರು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ (ಬೆಳಕಿನ ಅಳತೆ) ಸಾಕು ಅಂತಾರೆ, ನಂದು ಅದರ ಎರಡು ಪಟ್ಟಿಗಿಂತ ಜಾಸ್ತಿ ಇದ್ದಿರ್ಬೇಕು.

ಇಷ್ಟಾದ್ಮೇಲೆ ತಲೇಲಿ ಹುಳ ಬಿಡ್ತು, ಪ್ರಿಂಟಿಗೆ ಅಂತಲೇ ಇರೋ ಸಾಫ್ಟ್‌ವೇರ್ ತಗೊಂಡ್ರೆ ಇನ್ನೂ ಚೆನ್ನಾಗಿ ಬರತ್ತೇನೋ ಅಂತ. ಮೂರು ಇಟ್ಕೊಂಡೆ. ಲೈಟ್‌ರೂಮ್ ಕ್ಲಾಸಿಕ್, ಕ್ಯೂಇಮೇಜ್ ಅಲ್ಟಿಮೇಟ್, ಆಮೇಲೆ ಕ್ಯಾನನ್ನವರೇ ಪುಕ್ಕಟೆ ಕೊಡೋ ಪ್ರೊಫೆಷನಲ್ ಪ್ರಿಂಟ್ ಅಂಡ್ ಲೇಔಟ್.

ಲೆಕ್ಕ ಹಿಂಗೆ. ನನ್ನ ಕ್ಯಾಮೆರಾ 24 ಮೆಗಾಪಿಕ್ಸೆಲ್, ಉದ್ದಕ್ಕೆ 6000 ಪಿಕ್ಸೆಲ್. ಎ2 ಉದ್ದ 594 ಮಿಲಿಮೀಟರ್, ಇಂಚಿಗೆ ಹೆಚ್ಚುಕಮ್ಮಿ 256 ಪಿಕ್ಸೆಲ್ ಸಿಗತ್ತೆ. ಕ್ಯಾನನ್ ಡ್ರೈವರಿಗೆ ಬೇಕಾಗಿದ್ದು 300 ಅಥವಾ 600, ಎಪ್ಸನ್ ಆದ್ರೆ 360 ಇಲ್ಲಾ 720. ಕಡಿಮೆ ಬಿದ್ದಿದ್ದನ್ನ ಯಾರೋ ಒಬ್ರು ತುಂಬಿಸ್ಲೇಬೇಕಲ್ಲ, ಡ್ರೈವರಿಗೆ ಬಿಟ್ರೆ ಅದು ಹೆಂಗೋ ತುಂಬತ್ತೆ, ಕ್ಯೂಇಮೇಜ್ ಹೆಸರು ಮಾಡಿರೋದೇ ಈ ಕೆಲಸದಲ್ಲಿ, ದೊಡ್ಡದು ಮಾಡಿ ಆ ಸೈಜಿಗೆ ಎಷ್ಟು ಬೇಕೋ ಅಷ್ಟು ಶಾರ್ಪ್ ಮಾಡಿ ಕಳಿಸತ್ತೆ. ಲೈಟ್‌ರೂಮಲ್ಲೂ ಇದೆ, ಮ್ಯಾಟ್ ಪೇಪರಾ ಗ್ಲಾಸಿನಾ ಅಂತ ಕೇಳ್ಕೊಂಡು ಶಾರ್ಪ್ ಮಾಡತ್ತೆ.

ಎ2 ಶೀಟು ಒಂದು ಹಾಳಾದ್ರೆ ಆಳಿನ ಅರ್ಧ ದಿನದ ಸಂಬಳ ಹೋದಂಗೆ, ಹಂಗಾಗಿ ಫೋಟೋನ ಎ2 ಅಳತೆಗೇ ಇಟ್ಟು ಚೊಗರಿನ ಗೆರೆ, ಹಬೆ, ದೊಡ್ಡಮ್ಮನ ಕೈ ಇಷ್ಟೇ ಇರೋ ನಾಲ್ಕಿಂಚಿನ ಪಟ್ಟಿ ಕತ್ತರಿಸಿ ಮೂರರಲ್ಲೂ ತೆಗೆದೆ, ಹಿಂದೆ ಪೆನ್ಸಿಲಲ್ಲಿ ನಂಬರ್ ಬರೆದೆ. ದೊಡ್ಡಮ್ಮ ಮೂರನ್ನೂ ಮತ್ತೆ ಕಿಟಕಿಗೆ ಒಯ್ದು, ಟ್ಯೂಬ್‌ಲೈಟಲ್ಲಿ ಬಣ್ಣ ನೋಡ್ಬಾರ್ದು ಅಂತ ನನಗೇ ಪಾಠ ಹೇಳಿ (ಅದು ಪ್ರಿಂಟಿನವರೂ ಹೇಳೋ ಮಾತೇ), "ಮೂರೂ ಒಂದೇ ಅಲ್ವನಾ" ಅಂದ್ರು. ನಾನು ಲೆನ್ಸ್ ಹಿಡಿದು ನೋಡ್ದೆ. ಬುಟ್ಟಿ ಹೆಣಿಗೆಯಲ್ಲಿ ಕ್ಯೂಇಮೇಜಿಂದು ಒಂಚೂರು ಚುರುಕು. ಲೆನ್ಸ್ ಇಟ್ರೆ ಮಾತ್ರ. ಜಗಲಿಯಲ್ಲಿ ಲೆನ್ಸ್ ಹಿಡ್ಕೊಂಡು ಯಾರು ಕೂರ್ತಾರೆ?

ಕೊನೆಗೆ ನಾನು ಉಳಿಸ್ಕೊಂಡಿದ್ದು ಆ ಪುಕ್ಕಟೆದನ್ನೇ. ಪ್ರಿಂಟ್ ಅದರಲ್ಲೇ ಚೆಂದ ಬರತ್ತೆ ಅಂತ ಅಲ್ಲ. ಅದರಲ್ಲಿ ಪೇಪರ್, ಪ್ರೊಫೈಲ್, ರೆಂಡರಿಂಗ್ ಇಂಟೆಂಟ್ (ಪ್ರಿಂಟರಿಗೆ ಸಿಗದ ಬಣ್ಣಾನ ಹೆಂಗೆ ಹೊಂದಿಸ್ಬೇಕು ಅನ್ನೋ ಸೆಟ್ಟಿಂಗ್) ಎಲ್ಲಾ ಒಂದೇ ಪರದೆಯಲ್ಲಿ ಕಾಣತ್ತೆ, ಡ್ರೈವರ್ ಒಳಗೆ ಮೂರು ಬಾಗ್ಲು ದಾಟಿ ಹೋಗಿ ‘ನನ್’ ಒತ್ತೋ ಕೆಲಸ ಇಲ್ಲ, ತಿಂಗಳಿಗೆ ಒಂದು ಸಲ ಪ್ರಿಂಟ್ ತೆಗೆಯೋ ನಾನು ಮರೆಯೋದೇ ಅಂಥದ್ದು. ಪ್ಯಾಟರ್ನ್ ಪ್ರಿಂಟ್ ಅಂತ ಒಂದಿದೆ, ಒಂದೇ ಹಾಳೆಯಲ್ಲಿ ಅದೇ ಫೋಟೋನ ಸಣ್ಣ ಸಣ್ಣದಾಗಿ, ಸ್ವಲ್ಪ ಸ್ವಲ್ಪ ಬಣ್ಣ ಬೆಳಕು ಬದಲಾಯಿಸಿ ಹೊಡೆದು ಕೊಡತ್ತೆ. ದೊಡ್ಡಮ್ಮ ಅದರಲ್ಲಿ ಒಂದರ ಮೇಲೆ ಬೆರಳಿಟ್ರು, ಎರಡನೇ ಸಾಲಿಂದು, "ಇದು ಚೊಗರು." ಆ ನಂಬರೇ ಹಾಕಿದೆ. ದಿನಕ್ಕೆ ಹತ್ತು ಸೈಜಲ್ಲಿ ತೆಗೆಯೋರು, ಪೇಪರ್ ಉಳಿಸ್ಬೇಕು ಅನ್ನೋರು ಕ್ಯೂಇಮೇಜ್ ತಗೊಳ್ಳಿ, ಒಂದೇ ಶೀಟಲ್ಲಿ ಜೋಡಿಸೋದ್ರಲ್ಲಿ ಅದಕ್ಕೆ ಸಮ ಇಲ್ಲ. ನನಗಂತೂ ಲೈಟ್‌ರೂಮ್ ತರ ತಿಂಗಳ ಬಾಡಿಗೆ ಕಟ್ಟೋ ಸಾಫ್ಟ್‌ವೇರ್ ಕಂಡ್ರೆ ಮೊದ್ಲಿಂದಾನೂ ಆಗಲ್ಲ.

ಎ2 ತೆಗೆಯೋದಕ್ಕೆ ಮತ್ತೆ ಎಂಟು ದಿನ ಕಾಯ್ಬೇಕಾಯ್ತು. ಪುನರ್ವಸು ಮಳೆ ಹಿಡ್ಕೊಂಡಿತ್ತು, ಕವರಿಂದ ಹೊರಗಿಟ್ಟ ಪೇಪರ್ ರಾತ್ರಿ ಕಳೆಯೋದ್ರೊಳಗೆ ಅಂಚು ಹಪ್ಪಳ ಆಗ್ತಿತ್ತು, ಎದ್ದ ಅಂಚಿಗೆ ಇಂಕ್ ಚಿಮ್ಮಿಸೋ ಹೆಡ್ ತಾಗಿದ್ರೆ ಇಂಕ್ ಗೀರು ಒಂದೇ ಅಲ್ಲ ಹೆಡ್ಡೂ ಹೋಗ್ಬೋದು. ಹೊಳವಾದ ಒಂದು ಮಧ್ಯಾಹ್ನ ಹೊಸ ಕವರ್ ಒಡೆದು ಆಗಿಂದಾಗ್ಲೇ ತೆಗೆದೆ.

ಫ್ರೇಮ್ ಹಾಕ್ಸಿ ಹೊತ್ಕೊಂಡು ಹೋದಾಗ ದೊಡ್ಡಮ್ಮ ಜಗಲಿಯಲ್ಲಿ ಕೂತು ಕೊಳೆ ಔಷಧಿ ಹೊಡೆದವರ ಲೆಕ್ಕ ಬರೀತಾ ಇದ್ರು. ದಪ್ಪ ಬಿಳೀ ಹಾಳೆ, ತುಂಬಾ ದೊಡ್ಡದು, ಮಡಚಿದ್ರೂ ಮಡಚಕ್ಕೆ ಬರ್ತಿಲ್ಲ. ತಿರುಗಿಸಿ ನೋಡಿದ್ರೆ ನನ್ನ ಬೀಟ್ರೂಟ್ ಪ್ರಿಂಟು. "ಹಾಳೆ ಚೆನ್ನಾಗಿದೆ ಕಣಾ, ಶಾಯಿ ಹೀರಲ್ಲ" ಅಂದ್ರು.