ಪಲೆರ್ಮೊದಲ್ಲಿ ಕುಟ್ಟದ ಗೋಧಿಯ ಹುಗ್ಗಿ

ಡಿಸೆಂಬರ್ 13ರಂದು ಇಟಲಿಯ ಸಿಸಿಲಿ ದ್ವೀಪದ ಪಲೆರ್ಮೊ ನಗರದ ಹಳೆಯ ಪದ್ಧತಿಯ ಮನೆಗಳಲ್ಲಿ ಪಾಸ್ತಾ ಬೇಯುವುದಿಲ್ಲ, ಬ್ರೆಡ್ಡೂ ಒಳಗೆ ಬರುವುದಿಲ್ಲ. ಅಂದು ಸಂತ ಲೂಸಿಯಳ ದಿನ. ಹಿಟ್ಟು ಮಾಡಿದ ಗೋಧಿ ಅಂದು ನಿಷಿದ್ಧ. ನಮ್ಮ ಪ್ರವಾಸ ಸಂಸ್ಥೆ ಮಾತ್ರ ಅದೇ ದಿನಕ್ಕೆ ‘ಸ್ಥಳೀಯರ ಮನೆಯಲ್ಲಿ ಅಪ್ಪಟ ಪಾಸ್ತಾ ಊಟ’ ಎಂದು ಬಣ್ಣದ ಹಾಳೆಯಲ್ಲಿ ಅಚ್ಚು ಹಾಕಿಸಿ ನಮಗೆಲ್ಲ ಹಂಚಿತ್ತು.

ಆ ಸಂಸ್ಥೆಯ ಬಗ್ಗೆ ನನ್ನ ಸಿಟ್ಟು ಇಷ್ಟಕ್ಕೇ ಅಲ್ಲ. ಲೂಸಿಯಳ ಸ್ವಂತ ಊರು ಸಿರಾಕೂಸಾ. 304ರಲ್ಲಿ, ರೋಮಿನ ಡಯೊಕ್ಲೀಷಿಯನ್ ಚಕ್ರವರ್ತಿಯ ಕಾಲದಲ್ಲಿ ಅವಳು ಹುತಾತ್ಮಳಾದದ್ದು ಅಲ್ಲಿ. ಪ್ರತಿವರ್ಷ 13ರಂದು ಅವಳ ಬೆಳ್ಳಿಯ ಮೂರ್ತಿಯನ್ನು ಹಸಿರು ಟೊಪ್ಪಿಗೆಯವರು ಹೆಗಲ ಮೇಲೆ ಹೊತ್ತು ಊರೆಲ್ಲ ಮೆರೆಸುತ್ತಾರೆ. ನಾವು ಸಿರಾಕೂಸಾದಲ್ಲೇ ಇದ್ದೆವು. ಬೀದಿಗಳಲ್ಲಿ ದೀಪದ ಕಮಾನುಗಳನ್ನು ಕಟ್ಟುತ್ತಿದ್ದರು. ಹಿಂದಿನ ದಿನ ಬೆಳಗ್ಗೆ ನಮ್ಮನ್ನು ಬಸ್ಸಿಗೆ ಹತ್ತಿಸಿ ದ್ವೀಪದ ಆ ತುದಿಯಿಂದ ಈ ತುದಿಗೆ ತಂದು ಹಾಕಿದರು. ಡಿಸೆಂಬರಿನಲ್ಲಿ ಸಿಸಿಲಿಗೆ ಹೊರಡುವವರು ಹಣ ಕಟ್ಟುವ ಮೊದಲು ಹಬ್ಬದ ಪಟ್ಟಿಯನ್ನು ತಾವೇ ನೋಡಿಕೊಳ್ಳಬೇಕು. ಬೆಚ್ಚನೆಯ ಬಟ್ಟೆಯ ವಿಷಯದಲ್ಲೂ ಅಷ್ಟೇ. ‘ಮೆಡಿಟರೇನಿಯನ್ ಎಂದರೆ ಬಿಸಿಲು, ಸ್ವೆಟರ್ ಭಾರ ಯಾಕೆ’ ಎಂದಿದ್ದರು. ಹಗಲು ಬಿಸಿಲಿರುವುದು ನಿಜ. ಆದರೆ ಕಲ್ಲಿನ ಹಳೆಯ ಕಟ್ಟಡದಲ್ಲಿ, ಹೀಟರ್ ಹೆಸರಿಗಷ್ಟೇ ಇರುವ ಕೋಣೆಯಲ್ಲಿ, ರಾತ್ರಿ ಕೋಟು ತೊಟ್ಟೇ ಮಲಗಬೇಕಾಯಿತು.

ನಮ್ಮ ಗುಂಪಿನಲ್ಲಿ ಹುಬ್ಬಳ್ಳಿ, ಧಾರವಾಡ, ಬಾಗಲಕೋಟೆ ಕಡೆಯವರೇ ಹೆಚ್ಚು. ಹೆಚ್ಚಿನವರು ನಿವೃತ್ತರು, ಅರ್ಧಕ್ಕಿಂತ ಜಾಸ್ತಿ ಸಸ್ಯಾಹಾರಿಗಳು. ಚೀಲಗಳಲ್ಲಿ ಶೇಂಗಾ ಚಟ್ನಿ, ಕಟಕ ರೊಟ್ಟಿ. ಅದನ್ನು ನಾನು ಆಡಿಕೊಳ್ಳುವುದಿಲ್ಲ. ಆದರೆ ಬಲ್ಲರೋ ಮಾರುಕಟ್ಟೆಯ ನಡುವೆ ನಿಂತು ‘ಇಲ್ಲಿ ತಿನ್ನುವುದಕ್ಕೆ ಏನೂ ಇಲ್ಲ’ ಎನ್ನುವವರನ್ನು ಕಂಡರೆ ತಲೆ ಬಿಸಿಯಾಗುತ್ತದೆ. ಅಲ್ಲಿ ಕಡಲೆಹಿಟ್ಟನ್ನು ನೀರಿನಲ್ಲಿ ಕುದಿಸಿ, ತೆಳ್ಳಗೆ ಹರಡಿ, ಆರಿದ ಮೇಲೆ ಕತ್ತರಿಸಿ ಎಣ್ಣೆಯಲ್ಲಿ ಕರಿಯುತ್ತಾರೆ. ಹೆಸರು ಪನೆಲ್ಲೆ. ನಿಂಬೆರಸ ಹಿಂಡಿಕೊಂಡು ನಿಂತಲ್ಲೇ ತಿನ್ನಬೇಕು. ಝುಣಕದ ವಡೆ ತಿಂದು ಬೆಳೆದವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ಬದನೆಕಾಯಿಯನ್ನು ಕರಿದು ಹುಳಿ-ಸಿಹಿಯಲ್ಲಿ ಬೇಯಿಸುವ ಕಪೋನಾತಾ ಇನ್ನೂ ರುಚಿ. ಬದನೆ ನಮ್ಮ ಕಡೆಯ ಬೆಳೆ, ಅರಬರ ಕೈಯಲ್ಲಿ ಅಷ್ಟು ದೂರ ಹೋಗಿ ನೆಲೆಸಿದ್ದು. ಕಸ್ಸಾತಾ ಎಂಬ ಪ್ರಸಿದ್ಧ ಕೇಕನ್ನು ಮಾತ್ರ ಹೊಗಳಲಾರೆ. ಸಕ್ಕರೆಯ ಮೇಲೆ ಸಕ್ಕರೆ, ಅದರ ಮೇಲೆ ಸಕ್ಕರೆಯಲ್ಲಿ ಮುಳುಗಿಸಿದ ಹಣ್ಣು.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ, ಅದೂ ಸಿಟ್ಟಿನಿಂದಲೇ. ಲೂಸಿಯಳ ದಿನ ಪಲೆರ್ಮೊದ ತುಂಬ ಅರಂಚೀನೆಗಳ ರಾಶಿ. ಅನ್ನದ ಉಂಡೆಯೊಳಗೆ ಹೂರಣ ತುಂಬಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕರಿದದ್ದು. ಬ್ರೆಡ್ ಬೇಡವೆನ್ನುವ ದಿನ ಬ್ರೆಡ್ಡಿನ ಪುಡಿ ಹೇಗೆ ನಡೆಯುತ್ತದೆಂದು ಯಾರೂ ವಿವರಿಸಲಿಲ್ಲ. ‘ಮಾಂಸದ್ದು’, ‘ಬೆಣ್ಣೆಯದು’ ಎಂದು ಎರಡು ಬಗೆ ಕೇಳಿದಾಗ ಯಾರು ತಾನೆ ಅನುಮಾನಿಸುತ್ತಾರೆ? ಧಾರವಾಡದ ಅಕ್ಕನವರು ಬೆಣ್ಣೆಯದನ್ನು ಕೊಂಡರು. ಎರಡನೆಯ ತುತ್ತಿನಲ್ಲಿ ಗುಲಾಬಿ ಬಣ್ಣದ ಚೂರುಗಳು ಕಂಡವು. ಹಂದಿಮಾಂಸ. ಬೆಣ್ಣೆಯ ಅರಂಚೀನೆಗೆ ಅದನ್ನು ಹಾಕುವುದೇ ಅಲ್ಲಿಯ ರೂಢಿ. ಅಂಗಡಿಯವನು ಸುಳ್ಳು ಹೇಳಿರಲಿಲ್ಲ, ಅವನ ಲೆಕ್ಕದಲ್ಲಿ ಅದು ಮಾಂಸದ್ದಲ್ಲ. ಆ ಹಂದಿಮಾಂಸಕ್ಕೆ ಅಲ್ಲಿ ಪ್ರೊಶೂತೊ ಎನ್ನುತ್ತಾರೆ, ‘ಪ್ರೊಶೂತೊ ಇದೆಯೇ’ ಎಂದು ಹೆಸರು ಹಿಡಿದೇ ಕೇಳಬೇಕು. ಸ್ಫಿಂಚೋನೆ ಎಂಬ ದಪ್ಪ ರೊಟ್ಟಿಯಲ್ಲಿ ಸಣ್ಣ ಮೀನು ಅಡಗಿರುತ್ತದೆ, ಕನ್ನೋಲಿಯ ಗರಿಗರಿ ಹೊದಿಕೆಯಲ್ಲಿ ಹಂದಿಯ ಕೊಬ್ಬು ಇರಬಹುದು. ನಮ್ಮೊಂದಿಗಿದ್ದ ವ್ಯವಸ್ಥಾಪಕನಿಗೆ ಇದೆಲ್ಲ ತಿಳಿದಿತ್ತು. ‘ಕೇಳಿದ್ದರೆ ಹೇಳುತ್ತಿದ್ದೆ’ ಎಂದ. ಅಕ್ಕ ಬಾಯಿ ಮುಕ್ಕಳಿಸಿ, ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತರು. ಆಮೇಲೆ, ‘ಇನ್ನು ಈ ಊರಿನ ನೀರಷ್ಟೇ ನನಗೆ’ ಎಂದು ಎದ್ದರು.

ಮಧ್ಯಾಹ್ನ ಊಟದ ಮನೆಗೆ ಬಂದದ್ದು ಈ ಮನಃಸ್ಥಿತಿಯಲ್ಲಿ.

ಕಿರಿದಾದ ಓಣಿ, ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಬಾಗಿಲು ತೆರೆದವರು ಎಪ್ಪತ್ತು ದಾಟಿದ ಅಜ್ಜಿ. ಮೊಮ್ಮಗಳು ಕಾಲೇಜಿನಲ್ಲಿ ಓದುವವಳು, ಮಾತು ಅನುವಾದಿಸಿದವಳು ಅವಳೇ. ಪಾಸ್ತಾದ ಹಾಳೆ ತೋರಿಸಿದಾಗ ಅಜ್ಜಿ ಕನ್ನಡಕ ಏರಿಸಿ ಓದಿಸಿಕೊಂಡರು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಇಂದು ಪಾಸ್ತಾ ಮಾಡಿದರೆ ಲೂಸಿಯ ಕಣ್ಣು ಕಿತ್ತುಕೊಳ್ಳುತ್ತಾಳೆ ಎಂದರು. ಕಣ್ಣುಗಳ ರಕ್ಷಕಿ ಆ ಸಂತಳೇ, ಹಾಗಾಗಿ ಮಾತು ಪೂರಾ ತಮಾಷೆಯೂ ಅಲ್ಲ. ಆಲೂಗಡ್ಡೆಯ ಒಂದು ಬಗೆ, ಪನೆಲ್ಲೆ, ಕಿತ್ತಳೆ ಹಣ್ಣಿಗೆ ಉಪ್ಪು ಮತ್ತು ಆಲಿವ್ ಎಣ್ಣೆ ಬೆರೆಸಿದ ಕೋಸಂಬರಿ ಬಂದವು. ಅಕ್ಕ ಕಿತ್ತಳೆಯನ್ನು ಮಾತ್ರ ಮುಟ್ಟಿದರು. ಕೊನೆಗೆ ಗಾಜಿನ ಬಟ್ಟಲುಗಳಲ್ಲಿ ಕುಚ್ಚೀಯಾ ಬಂತು.

ಬಿಳಿಯ ರಿಕೋಟಾ ಗಿಣ್ಣು, ನಡುವೆ ಇಡೀ ಗೋಧಿಕಾಳುಗಳು, ಮೇಲೆ ಚಾಕೊಲೇಟಿನ ಚೂರು, ದಾಲ್ಚಿನ್ನಿ ಪುಡಿ. ಅಕ್ಕ ಚಮಚದಲ್ಲಿ ಕೆದಕಿದರು, ಒಂದು ಕಾಳನ್ನು ಹಲ್ಲಿನ ನಡುವೆ ಒತ್ತಿ ನೋಡಿದರು. ಪೂರ್ತಿ ಬೆಂದಿತ್ತು, ಒಡೆದಿರಲಿಲ್ಲ.

‘ತಂಗೀ, ಇದು ಗೋಧಿ ಹುಗ್ಗಿ. ಕುಟ್ಟಿಲ್ಲ, ಅಷ್ಟೇ’ ಎಂದರು ನನ್ನ ಕಡೆ ತಿರುಗಿ.

ಅಲ್ಲಿಂದ ಶುರುವಾದ ಮಾತು ಸಂಜೆಯವರೆಗೆ ನಿಲ್ಲಲಿಲ್ಲ. ಅಜ್ಜಿ ತಮ್ಮ ಕ್ರಮ ಹೇಳಿದರು: ಗೋಧಿಯನ್ನು ಮೂರು ದಿನ ನೆನೆಹಾಕಬೇಕು, ದಿನವೂ ನೀರು ಬದಲಿಸಬೇಕು. ಹಿಂದಿನ ದಿನ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಪಾತ್ರೆಗೆ ಕಂಬಳಿ ಸುತ್ತಿ ರಾತ್ರಿಯಿಡೀ ಬಿಡಬೇಕು. ಕುರಿಯ ಹಾಲಿನ ರಿಕೋಟಾವನ್ನು ಸಕ್ಕರೆ ಸೇರಿಸಿ ಸೋಸಿ, ಆರಿದ ಗೋಧಿಗೆ ಬೆರೆಸಬೇಕು. ಅಕ್ಕ ತಮ್ಮದನ್ನು ಹೇಳಿದರು: ಜವೆಗೋಧಿಗೆ ನೀರು ಚಿಮುಕಿಸಿ ಒರಳಿನಲ್ಲಿ ಕುಟ್ಟಿ, ತೌಡು ಹಾರಿಸಿ, ಕಾಳು ಅರಳುವ ತನಕ ಕುದಿಸಿ, ಬೆಲ್ಲ, ಕೊಬ್ಬರಿ, ಗಸಗಸೆ, ಏಲಕ್ಕಿ ಹಾಕಬೇಕು. ಬಿಸಿಯಾಗಿಯೇ ಬಡಿಸಬೇಕು, ಮೇಲೆ ಹಾಲು, ತುಪ್ಪ.

ಹುಡುಗಿ ‘ಕುಟ್ಟುವುದು’ ಎಂಬಲ್ಲಿಗೆ ಬಂದು ತಡವರಿಸಿದಳು, ಅಕ್ಕ ಮುಷ್ಟಿ ಎತ್ತಿ ಎತ್ತಿ ಇಳಿಸಿ ತೋರಿಸಿದರು. ಅಜ್ಜಿಯ ಮುಖ ಗಂಭೀರವಾಯಿತು.

‘ಕುಟ್ಟಬಾರದು’ ಎಂದರು. ‘ಕುಟ್ಟಿದರೆ ಹಬ್ಬವೇ ಕೆಟ್ಟಂತೆ.’

ಅವರು ಹೇಳಿದ ಕಥೆ ಪಲೆರ್ಮೊದಲ್ಲಿ ಎಲ್ಲರೂ ಹೇಳುವಂಥದ್ದು. 1646ರಲ್ಲಿ ಬರಗಾಲ. ಲೂಸಿಯಳ ದಿನದಂದೇ ಗೋಧಿ ತುಂಬಿದ ಹಡಗು ಬಂದರಿಗೆ ಬಂತು. ಹಿಟ್ಟು ಬೀಸುವ ತನಕ ಕಾಯುವ ತ್ರಾಣ ಯಾರಿಗೂ ಇರಲಿಲ್ಲ. ಕಾಳನ್ನು ಹಾಗೇ ಬೇಯಿಸಿ, ಎಣ್ಣೆ ಹಾಕಿ ತಿಂದರು. ಸಿರಾಕೂಸಾದವರು ಹಡಗು ಬಂದದ್ದು ತಮ್ಮ ಬಂದರಿಗೆ ಎನ್ನುತ್ತಾರಂತೆ, ಆ ಮಾತನ್ನು ಅಜ್ಜಿ ಕೈಬೀಸಿ ತಳ್ಳಿಹಾಕಿದರು. ಹಡಗಿನ ಪವಾಡ ಅವರವರ ನಂಬಿಕೆಗೆ ಬಿಟ್ಟದ್ದು. ಮರುವರ್ಷ, 1647ರಲ್ಲಿ, ರೊಟ್ಟಿಯ ತೂಕ ಇಳಿಸಿದ್ದಕ್ಕೆ ಇದೇ ನಗರ ದಂಗೆ ಎದ್ದದ್ದು ಮಾತ್ರ ಇತಿಹಾಸ. ಪ್ರಾಚೀನ ರೋಮಿಗೆ ಧಾನ್ಯ ಕಳುಹಿಸಿ ಸಾಕಿದ ದ್ವೀಪದಲ್ಲಿ ಈ ಗತಿ.

‘ನಿಮ್ಮಲ್ಲಿ ಯಾವ ಸಂತರ ಹೆಸರಲ್ಲಿ ಮಾಡುತ್ತೀರಿ?’ ಎಂದು ಅಜ್ಜಿ ಕೇಳಿದರು.

‘ಜಾತ್ರೆಗೆ ಮಾಡುತ್ತೇವೆ. ಮಠದ ದಾಸೋಹಕ್ಕೆ, ಮದುವೆಗೆ, ತೊಟ್ಟಿಲು ಹಾಕುವಾಗ. ಮನೆಗೆ ಅಳಿಯ ಬಂದರೂ ಮಾಡುತ್ತೇವೆ.’

‘ಉಪವಾಸ ಇರುವುದಿಲ್ಲವೇ?’

‘ಹುಗ್ಗಿ ಮಾಡಿ ಉಪವಾಸ ಇರುವುದೇ?’ ಎಂದು ಅಕ್ಕ ನಕ್ಕರು. ಬೆಳಗಿನಿಂದ ಅವರು ನಕ್ಕದ್ದು ಅದೇ ಮೊದಲು.

ಆಮೇಲೆ ತೌಡಿನ ಪ್ರಶ್ನೆ ಬಂತು. ಅದನ್ನು ಏನು ಮಾಡುತ್ತೀರಿ? ದನಕ್ಕೆ ಹಾಕುತ್ತೇವೆ. ಅಜ್ಜಿ ಹುಡುಗಿಯನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ಹಸಿವು ಕಂಡವರು ದನಕ್ಕೆ ಹಾಕುವುದಿಲ್ಲ ಎಂದುಬಿಟ್ಟರು. ಮೇಜಿನ ಸುತ್ತ ಮಾತು ನಿಂತಿತು. ಅಕ್ಕ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ನಿಧಾನವಾಗಿ ಹೇಳಿದರು: ‘ಇವರಿಗೆ ಹೇಳು ತಂಗೀ. ನಮ್ಮ ಕಡೆಗೂ ಬರ ಹೊಸದಲ್ಲ. ನಮ್ಮ ಅವ್ವ ಬರಗಾಲದ ವರ್ಷ ಜೋಳದ ನುಚ್ಚು ಬೇಯಿಸಿ ಎಂಟು ಮಂದಿಯನ್ನು ಸಾಕಿದ್ದಾಳೆ. ಅದಕ್ಕೇ ಹುಗ್ಗಿ ಮಾಡುವ ದಿನ ಕಾಳು ಬೆಳ್ಳಗಿರಲಿ, ತೌಡು ದನಕ್ಕೆ ಹೋಗಲಿ ಅನ್ನುತ್ತಿದ್ದಳು. ದನಕ್ಕೂ ಹಬ್ಬ ಬೇಕಲ್ಲ.’

ಇದನ್ನು ನಾನು ಇಂಗ್ಲಿಷಿನಲ್ಲಿ, ಹುಡುಗಿ ಸಿಸಿಲಿಯನ್ನಿನಲ್ಲಿ ಅಜ್ಜಿಗೆ ಮುಟ್ಟಿಸುವಾಗ ಎಷ್ಟು ಉಳಿಯಿತೋ, ಎಷ್ಟು ಸೋರಿತೋ. ಅಜ್ಜಿ ಎದ್ದು ಒಳಗೆ ಹೋದರು. ಬಂದಾಗ ಕೈಯಲ್ಲಿ ಇನ್ನೂ ಬೆರೆಸದ ಬೆಂದ ಗೋಧಿಯ ಪಾತ್ರೆ ಇತ್ತು. ಈ ಒಂದು ಬಟ್ಟಲನ್ನು ನಿಮ್ಮ ಹಾಗೆ ಮಾಡಿ ತೋರಿಸಿ, ಆದರೆ ಕುಟ್ಟಬೇಡಿ ಎಂದರು. ಬೆಲ್ಲ ಇರಲಿಲ್ಲ, ಜೇನು ಬಂತು. ಏಲಕ್ಕಿ ಅಕ್ಕನ ಚೀಲದಲ್ಲೇ ಇತ್ತು. ತುಪ್ಪಕ್ಕೆ ಬೆಣ್ಣೆ ಕರಗಿಸಿದರು. ರಿಕೋಟಾದ ತಣ್ಣನೆಯ ಕುಚ್ಚೀಯಾಕ್ಕಿಂತ ಬಿಸಿಬಿಸಿಯದೇ ನನಗೆ ಹಿಡಿಸಿತು, ಅದು ನನ್ನ ನಾಲಿಗೆಯ ಪಕ್ಷಪಾತವಾದರೂ ಸರಿ. ಅಜ್ಜಿ ಎರಡು ಚಮಚ ತಿಂದು, ಚೆನ್ನಾಗಿದೆ, ಆದರೆ ಜನವರಿಯಲ್ಲಿ ತಿನ್ನುವಂಥದ್ದು ಎಂದು ತೀರ್ಪು ಕೊಟ್ಟರು.

ಎಟ್ನಾ ಜ್ವಾಲಾಮುಖಿ ಮೋಡದೊಳಗಿತ್ತು, ನೋಡಲಿಲ್ಲ. ಕತಾನಿಯಾ ಮಳೆಯಲ್ಲಿ ಕಳೆಯಿತು. ಸಿರಾಕೂಸಾದ ಮುಖ್ಯ ಚರ್ಚಿನ ಗೋಡೆಯೊಳಗೆ ಕ್ರಿಸ್ತಪೂರ್ವ ಐದನೆಯ ಶತಮಾನದ ಅಥೇನಾ ದೇಗುಲದ ಕಂಬಗಳು ಇಂದಿಗೂ ಭಾರ ಹೊತ್ತು ನಿಂತಿವೆ. ಅಷ್ಟಕ್ಕೇ ಆ ಊರಿಗೆ ಹೋಗಬಹುದು. ಪಲೆರ್ಮೊದ ಅರಮನೆಯಲ್ಲಿ ರೋಜರ್ ದೊರೆ ಕಟ್ಟಿಸಿದ ಪ್ರಾರ್ಥನಾ ಮಂದಿರದ ಗೋಡೆಯ ಚಿನ್ನದ ಚಿತ್ರಗಳನ್ನು ಎಲ್ಲರೂ ನೋಡುತ್ತಾರೆ. ಮರದ ಚಾವಣಿಯನ್ನು ಬಿಡಬಾರದು. ಅರಬ್ ಶೈಲಿಯ ಕಲಾವಿದರು ಅಲ್ಲಿ ಕುಡಿಯುವವರನ್ನು, ವಾದ್ಯ ನುಡಿಸುವವರನ್ನು ಬರೆದಿದ್ದಾರೆ, ಹಲಗೆ ನಡುವೆ ಇಟ್ಟು ಚದುರಂಗ ಆಡುವ ಇಬ್ಬರನ್ನೂ. ನಮ್ಮಲ್ಲಿಂದ ಪರ್ಷಿಯಾಕ್ಕೆ, ಅಲ್ಲಿಂದ ಅರಬರಿಗೆ ಹೋದ ಆಟ ಹನ್ನೆರಡನೆಯ ಶತಮಾನದ ಕ್ರೈಸ್ತ ದೊರೆಯ ಪೂಜಾಗೃಹದ ನೆತ್ತಿ ಏರಿ ಕುಳಿತಿದೆ. ಬರಿಗಣ್ಣಿಗೆ ಸಿಗುವುದಿಲ್ಲ, ದುರ್ಬೀನು ಒಯ್ಯಬೇಕು.

ಮರುದಿನದ ಝೀಸಾ ಅರಮನೆ ನಮ್ಮ ಹಾಳೆಯಲ್ಲಿ ಇರಲೇ ಇಲ್ಲ. ಬಾಗಲಕೋಟೆಯ ಮಾಸ್ತರು ಹಟ ಹಿಡಿದದ್ದರಿಂದ ಬಸ್ ನಿಂತಿತು. ಅರ್ಧ ಜನ ಇಳಿಯಲಿಲ್ಲ. ಒಳಗೊಂದು ಸಮಾಧಿಕಲ್ಲು ಇದೆ. ಅನ್ನಾ ಎಂಬ ಹೆಂಗಸು 1148ರಲ್ಲಿ ತೀರಿಕೊಂಡಳು. ಮಗ ಗ್ರಿಸಾಂತೋ, ರೋಜರ್ ದೊರೆಯ ಪಾದ್ರಿ, ಮರುವರ್ಷ ತಾಯಿಯನ್ನು ಬೇರೊಂದು ಚರ್ಚಿಗೆ ಸ್ಥಳಾಂತರಿಸಿ ಈ ಕಲ್ಲು ಹಾಕಿಸಿದ. ಬರಹ ನಾಲ್ಕು ಬಗೆ: ಲ್ಯಾಟಿನ್, ಗ್ರೀಕ್, ಅರಬ್ಬಿ, ಮತ್ತೆ ಹೀಬ್ರೂ ಅಕ್ಷರಗಳಲ್ಲಿ ಬರೆದ ಅರಬ್ಬಿ. ಒಂದೊಂದರಲ್ಲಿ ಕಾಲದ ಎಣಿಕೆಯೂ ಬೇರೆ. ಕ್ರಿಸ್ತನಿಂದ ಒಂದು, ಹಿಜರಿಯಿಂದ ಒಂದು, ಲೋಕ ಹುಟ್ಟಿದ ದಿನದಿಂದ ಗ್ರೀಕರದೊಂದು, ಯಹೂದಿಗಳದೊಂದು.

ಮಾಸ್ತರು ಗಾಜಿಗೆ ಮೂಗು ತಾಗುವಷ್ಟು ಬಾಗಿದರು. ‘ಪಟ್ಟದಕಲ್ಲಿನಲ್ಲಿ ಕಂಬ ನೋಡಿದ್ದೀರಲ್ಲ, ಇಮ್ಮಡಿ ಕೀರ್ತಿವರ್ಮನ ಕಾಲದ್ದು, 754ರದು. ಒಂದೇ ಸಂಸ್ಕೃತ ಪಾಠ, ಎರಡು ಲಿಪಿ. ಉತ್ತರದವರಿಗೆ ಸಿದ್ಧಮಾತೃಕೆ, ನಮ್ಮವರಿಗೆ ನಮ್ಮದು. ಆದರೆ ಅದು ರಾಜರ ಕಾಲದ ಮೆರವಣಿಗೆ. ಇಲ್ಲಿ ಮಗ ತನ್ನ ತಾಯಿ ಸತ್ತ ಸುದ್ದಿಯನ್ನು ಊರಿನ ಎಲ್ಲರೂ ಓದಲಿ ಎಂದಿದ್ದಾನೆ.’

ಆ ಊರು ಹಾಗೇ ಉಳಿಯಲಿಲ್ಲ ಎಂಬುದನ್ನೂ ಅವರೇ ಹೇಳಿದರು. ನೂರು ವರ್ಷ ಕಳೆಯುವುದರೊಳಗೆ ಎರಡನೆಯ ಫ್ರೆಡರಿಕ್ ದೊರೆ ಮುಸ್ಲಿಮರನ್ನು ಇಟಲಿಯ ಮುಖ್ಯಭೂಮಿಯ ಲುಚೇರಾಕ್ಕೆ ಸಾಗಿಸತೊಡಗಿದ್ದ. ಸ್ಪೇನಿನ ದೊರೆಗಳ 1492ರ ಆಜ್ಞೆ ಯಹೂದಿಗಳನ್ನು ಹೊರಹಾಕಿತು. ಕಲ್ಲಿನಲ್ಲಿರುವ ನಾಲ್ಕು ಬರಹಗಳಲ್ಲಿ ಎರಡಕ್ಕೆ ಓದುಗರೇ ಇಲ್ಲವಾದರು. ‘ಸಾಮರಸ್ಯದ ದ್ವೀಪ’ ಎಂದು ಬಣ್ಣದ ಹಾಳೆಯಲ್ಲಿ ಬರೆಯುವವರು ಈ ಭಾಗವನ್ನು ಬಿಟ್ಟೇ ಬರೆಯುತ್ತಾರೆ.

ಹೊರಗೆ ಬಂದಾಗ ಊರಾಚೆಯ ರಿಯಾಯಿತಿ ಮಳಿಗೆಗೆ ಹೊತ್ತಾಯಿತೆಂದು ಬಸ್ಸಿನೊಳಗೆ ಗಲಾಟೆ ಎದ್ದಿತ್ತು. ವ್ಯವಸ್ಥಾಪಕ ಗಡಿಯಾರ ತೋರಿಸಿದ. ‘ಚರ್ಮದ ಚೀಲ ಹುಬ್ಬಳ್ಳಿಯ ದುರ್ಗದಬೈಲಿನಲ್ಲೂ ಸಿಗುತ್ತದೆ’ ಎಂದು ಮಾಸ್ತರು ತಮ್ಮ ಸೀಟಿನಲ್ಲಿ ಕುಳಿತರು. ಅವರೊಂದಿಗೆ ಕೆಲವರು ವಿಮಾನ ಹತ್ತುವವರೆಗೂ ಮಾತು ಬಿಟ್ಟಿದ್ದರು.