ಹಳೇಬೀಡಿಗೆ ಎಷ್ಟು ಹೊತ್ತು ಸಾಕು?

ನಮ್ಮ ಊರು ಹಾಸನದ ಕಡೆ ಅಂತ ಗೊತ್ತಾದರೆ ಸಾಕು, ಜನ ಈ ಪ್ರಶ್ನೆ ಕೇಳುತ್ತಾರೆ. ಉತ್ತರ: ಮುಕ್ಕಾಲು ಗಂಟೆ. ಸೆಲ್ಫಿ ಸೇರಿಸಿ. ಹೊರಡಿ.

ಬೇಸರ ಮಾಡ್ಕೋಬೇಡಿ, ಇದು ನಮ್ಮ ಭಾವನ ಲೆಕ್ಕ. ಬೆಂಗಳೂರಿಂದ ಬಂದಿದ್ದರು. ಬೆಳಿಗ್ಗೆ ಬೇಲೂರು ಮುಗಿಸಿ, ಇದನ್ನೂ ಮುಗಿಸಿ, ಊಟಕ್ಕೆ ಚಿಕ್ಕಮಗಳೂರು ಸೇರುವ ಪ್ಲಾನ್. ಹೊಯ್ಸಳೇಶ್ವರ ಗುಡಿಯ ಜಗತಿ, ಅಂದರೆ ಗುಡಿ ಸುತ್ತಲಿನ ಎತ್ತರದ ಕಟ್ಟೆ, ಹತ್ತಿದವರೇ ಬಿರಬಿರನೆ ಒಂದು ಸುತ್ತು ಹಾಕಿ ಇಳಿದುಬಿಟ್ಟರು. ನಾನಿನ್ನೂ ಗೋಡೆಯ ಮೇಲಿನ ಚಕ್ರವ್ಯೂಹದ ಕೆತ್ತನೆ ಮುಂದೆ ನಿಂತಿದ್ದೆ, ಕಾರಿನಿಂದ ಫೋನ್ ಬಂತು, "ಅದೇ ಆನೆ, ಅದೇ ಆನೆ, ಇನ್ನೇನು ನೋಡ್ತಿದ್ದೀಯ ಮಾರಾಯ?"

ಅದೇ ಆನೆ ಅಲ್ಲ ಭಾವ. ಹೋಗಲಿ ಬಿಡಿ.

ಆ ಚಕ್ರವ್ಯೂಹ ಅಂಗೈಯಗಲದ ಜಾಗದಲ್ಲಿ ಸುರುಳಿ ಸುತ್ತಿಕೊಂಡಿರುವ ಸೈನ್ಯ. ಕಣ್ಣು ಹೊರಗಿನ ಸುತ್ತಿನಿಂದ ಹೊರಟು, ಒಂದೊಂದೇ ಸಾಲು ದಾಟಿ ಒಳಗೆ ಹೋಗಬೇಕು. ಅವಸರ ಮಾಡಿದರೆ ದಾರಿ ತಪ್ಪಿ ಮತ್ತೆ ಮೊದಲಿಂದ ಶುರು. ಅಭಿಮನ್ಯುವಿನ ಪಾಡು ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

1121ರ ಸುಮಾರಿಗೆ ಶುರುವಾದ ಗುಡಿ ಅದು. ಬುಡದಲ್ಲಿ ಆನೆ, ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಅದಕ್ಕೂ ಮೇಲೆ ಕಥೆ ಕೆತ್ತಿದ ಪಟ್ಟಿ. ಆನೆ ಸಾಲು ಎಷ್ಟು ನಡೆದರೂ ಮುಗಿಯುವುದಿಲ್ಲ, ಅಲ್ಲಿ ಏನೂ ಆಗುವುದೂ ಇಲ್ಲ. ಮೇಲಿನ ಪಟ್ಟಿಯಲ್ಲಿ ಮಾತ್ರ ಯುದ್ಧ ಆಗುತ್ತದೆ, ಜನ ಸಾಯುತ್ತಾರೆ. ಗೋಡೆಯಂತೂ ನೇರ ಇಲ್ಲವೇ ಇಲ್ಲ, ನಾಲ್ಕು ಹೆಜ್ಜೆಗೊಂದು ಮೂಲೆ, ಹಾಗಾಗಿ ಮುಂದೇನಾಯ್ತು ಅಂತ ಗೊತ್ತಾಗಬೇಕಾದರೆ ಕಾಲು ಎತ್ತಿಡಲೇಬೇಕು. ಕಥೆಯ ವೇಗ ನಿಮ್ಮ ಕಾಲಲ್ಲಿದೆ. ಓಡಿದರೆ ಕಥೆ ಇರುವುದಿಲ್ಲ, ಬರೀ ಕಲ್ಲು.

"ಎಷ್ಟು ಹೊತ್ತು" ಬಿಟ್ಟು "ಯಾವಾಗ ಹೋಗಲಿ, ಯಾವ ಕಡೆಯಿಂದ ಸುತ್ತಲಿ" ಅಂತ ಯಾರಾದರೂ ಕೇಳಬಾರದಾ? ಗುಡಿಯ ಬಾಗಿಲು ಪೂರ್ವಕ್ಕೆ, ದೊಡ್ಡ ಶಿಲ್ಪಗಳ ಗೋಡೆ ಹಿಂದುಗಡೆ ಪಶ್ಚಿಮಕ್ಕೆ. ಬೆಳಿಗ್ಗೆ ಹೋದರೆ ಅದು ನೆರಳಲ್ಲಿರುತ್ತದೆ, ಇಳಿಹೊತ್ತಿನ ಬಿಸಿಲು ಬಿದ್ದಾಗಲೇ ಮುಖಗಳು ಎದ್ದು ಬರುವುದು. ಸುತ್ತುವುದು ಪ್ರದಕ್ಷಿಣೆಯಾಗಿ, ಸಾಮಾನ್ಯವಾಗಿ ಹೊಯ್ಸಳರ ಗುಡಿಗಳಲ್ಲಿ ಕಥೆ ಸಾಗುವುದು ಹಾಗೇ.

ಸಾಮಾನ್ಯವಾಗಿ ಅಂದೆ. ತರೀಕೆರೆ ಹತ್ತಿರ ಅಮೃತಾಪುರ ಇದೆ, ಅಲ್ಲೂ ಹೊಯ್ಸಳರದೇ 1196ರ ಗುಡಿ. ಅಲ್ಲಿ ಮಂಟಪದ ದಕ್ಷಿಣದ ಕಡೆ ರಾಮಾಯಣ ಉಲ್ಟಾ ಹೋಗುತ್ತದೆ. ನೀವು ಪ್ರದಕ್ಷಿಣೆ ಬರುತ್ತಿದ್ದರೆ ಕಥೆ ಕೊನೆಯಿಂದ ಮೊದಲಿಗೆ ಬರುತ್ತದೆ. ಉತ್ತರದ ಕಡೆ ಕೃಷ್ಣನ ಕಥೆ, ಮಹಾಭಾರತ ಎಲ್ಲ ಸರಿಯಾದ ದಿಕ್ಕಿಗೇ ಇವೆ. ರಾಮನಿಗೊಬ್ಬನಿಗೆ ಯಾಕೆ ಹೀಗೆ ಅಂತ ಕೇಳಿ. ಕೂತು ಮಾತಾಡೋಣ, ಕಾಫಿ ಖರ್ಚು ನಂದು.